ಕೈ ಎಲ್ಲಿಡುತ್ತೀರಿ

ಗೋಡೆಗೆ ಬೆನ್ನು ಕೊಡದೆ ಶಾಮಲಾ ಎಲ್ಲೂ ನಿಲ್ಲುವವಳಲ್ಲ. ಮದುವೆಮನೆಯಾಗಲಿ, ತಾನು ಇಂಗ್ಲಿಷ್ ಕಲಿಸುವ ಅಮೀರ್‌ಪೇಟೆಯ ಇಕ್ಕಟ್ಟು ಕೋಣೆಯಾಗಲಿ, ಬಾಗಿಲು ಯಾವ ಕಡೆ ಎಂದು ನೋಡಿಕೊಂಡು, ಬ್ಯಾಗನ್ನು ಎದುರಿಗೆಳೆದುಕೊಂಡ ಮೇಲೆಯೇ ಅವಳು ಬಾಯಿ ತೆರೆಯುವುದು.

ಜನರ ಗುಂಪಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳನ್ನು ಅವಳು ಕಲಿಸುವ ರೀತಿಯೇ ಬೇರೆ. "ಅರ್ಥ ಆಮ್ಯಾಲೆ. ಮೊದಲು ಕೈ ಎಲ್ಲಿಡ್ತೀರಿ ಹೇಳ್ರಿ." ಕ್ರೌಡ್ ಎಂದರೆ ಕೈ ಬ್ಯಾಗಿನ ಮೇಲೆ. ಥ್ರಾಂಗ್ ಎಂದರೆ ಮೊಣಕೈ ಹೊರಗೆ. ಮಾಬ್ ಎಂದರೆ ಚಪ್ಪಲಿ ಹೋದರೂ ಬಗ್ಗದೆ ಗೋಡೆ ಹಿಡಿಯುವುದು. ಕ್ರಶ್ ಎಂದರೆ ಎರಡೂ ಕೈ ಎದೆಯ ಮುಂದೆ, ಉಸಿರಿಗಷ್ಟು ಜಾಗ.

"ಆಡಿಯನ್ಸ್ ಅಂದ್ರ, ಟೀಚರ್?" ಹಿಂದಿನ ಬೆಂಚಿನ ಅಮೋಲ್ ಕೆಣಕುತ್ತಿದ್ದ.

"ಚಪ್ಪಾಳಿ. ಅವರು ಎದ್ದು ಬಾಗಿಲಿಗೆ ಓಡೂತನಕ."

ಇಷ್ಟು ಅಂಜುವವಳು ದಿನಾ ಸಂಜೆ ಅತಿ ತುಂಬಿದ ಮೆಟ್ರೋವನ್ನೇ ಹತ್ತುತ್ತಿದ್ದಳು. ಕುಷಾಯಿಗೂಡದ ಮನೆಯಲ್ಲಿ ಮಾವ ಅಮರೇಶಪ್ಪನವರಿಗೆ ಹೆಂಚಿನಿಂದಿಳಿದ ಬಿಸಿ ರೊಟ್ಟಿಯೇ ಆಗಬೇಕು. ಗಂಡ ಶ್ರೀನಿವಾಸ ಫೋನ್ ಮಾಡಿ, "ಹಿಟ್ಟು ತಗದಿಟ್ಟೀನಿ, ಲಗೂ ಬಾ" ಎನ್ನುತ್ತಿದ್ದ, ಅರ್ಧ ಕೆಲಸ ಮುಗಿಸಿಕೊಟ್ಟವನ ಹಾಗೆ.

ಹಬ್ಬದ ಹಿಂದಿನ ಸಂಜೆ ನಿಲ್ದಾಣದ ಮೆಟ್ಟಿಲ ಮೇಲೆ ಇಳಿಯುವವರೂ ಏರುವವರೂ ಎದುರುಬದುರಾಗಿ ಸಿಕ್ಕಿಕೊಂಡರು. ಪಕ್ಕದಲ್ಲಿ ಅವಳ ವಿದ್ಯಾರ್ಥಿನಿ ರಶ್ಮಿ. "ಟೀಚರ್, ಕಾಲಿಗೆ ನೆಲ ಸಿಗವಲ್ದು," ಎಂದಳು ಹುಡುಗಿ. "ಕೈ ಎದಿಗೆ ತಗೋ. ನೂಕಬ್ಯಾಡ," ಎಂದಳು ಶಾಮಲಾ. ಅಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು, ಶಾಮಲಾಳ ಕೈ ತನ್ನಷ್ಟಕ್ಕೆ ಅತ್ತ ಇಳಿಯಿತು. ಯಾರದೋ ಮೊಣಕೈ ಪಕ್ಕೆಲುಬಿಗೆ ಒತ್ತಿತು. ಬಿಟ್ಟ ಉಸಿರು ಮತ್ತೆ ಒಳಗೆ ಬರಲಿಲ್ಲ. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.

ರಶ್ಮಿ ಅವಳ ಮಣಿಕಟ್ಟು ಹಿಡಿದು ಮೇಲಕ್ಕೆಳೆದಳು. "ಫೋನು ಬಿಡ್ರಿ, ಟೀಚರ್. ಕೈ ಮ್ಯಾಲೆ."

ಗುಂಪು ಸಡಿಲಾದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತರು. ಶ್ರೀನಿವಾಸನ ಫೋನು ಮತ್ತೆ ಬಂತು.

"ಹಿಟ್ಟು ಅಲ್ಲೇ ಐತಿ, ನಿಮ್ಮ ಕೈನೂ ಅಲ್ಲೇ ಅವ," ಎಂದಳು ಶಾಮಲಾ. "ರೊಟ್ಟಿ ನೀವೇ ಬಡೀರಿ. ನಾ ಗದ್ದಲ ಇಳದ ಮ್ಯಾಲೆ ಬರ್ತೀನಿ."

"ಹಂಗಂದ್ರ?" ಎಂದ ಶ್ರೀನಿವಾಸ.

ಜನಜಂಗುಳಿಗೆ ಹೆದರುವ ಹೆಂಗಸರನ್ನು ಪುಕ್ಕಲರೆಂದು ನಗುವುದು ಸುಲಭ. ಹೆದರುತ್ತಲೇ ಅವರು ದಿನಾ ಅದರೊಳಗೆ ಇಳಿಯುತ್ತಾರೆ. ಮೆಟ್ಟಿಲ ಮೇಲೆ ನೂಕುವವರು ಸಾವಿರ ಜನರಿರಬಹುದು, ಆದರೆ ಈ ಹೆಂಗಸರನ್ನು ಆ ಮೆಟ್ಟಿಲಿನವರೆಗೆ ನೂಕಿ ತರುವವರು ತಾಟಿನ ಮುಂದೆ ಸುಮ್ಮನೆ ಕೂತ ಇಬ್ಬರು ಮೂವರು.