ಊರೂರಿನ ಕಲ್ಲುಗಳು

ಅವಳ ಕಾಲಲ್ಲಿ ಚಕ್ರವಿದೆ ಎಂದು ಮೊದಲು ಹೇಳಿದವರು ಅವಳ ಅತ್ತೆ. ಹೊಗಳಿ ಹೇಳಿದ್ದಲ್ಲ. ಆದರೂ ಮಾತು ಅಂಟಿಕೊಂಡು, ನೆಂಟರಿಷ್ಟರಲ್ಲೆಲ್ಲ ಅವಳು ಚಕ್ರದಮ್ಮ ಎಂದೇ ಆಗಿಹೋದಳು. ಇಪ್ಪತ್ತೆರಡು ವರ್ಷ ಟ್ರಾವೆಲ್ಸ್ ಕಂಪನಿಯೊಂದರ ಬಸ್ಸಿನಲ್ಲಿ, ಡ್ರೈವರ್ ಪಕ್ಕದ ಮಡಚುವ ಸೀಟಿನಲ್ಲಿ ಕೂತು, ಮೈಕು ಹಿಡಿದು, "ಈಗ ಎಲ್ಲರೂ ಎಡಗಡೆ ನೋಡಿ" ಎಂದು ಸಾವಿರಾರು ಜನರ ಕತ್ತು ತಿರುಗಿಸಿದವಳು. ಅಂಥ ಚಕ್ರ ಈಗ ಪಂಕ್ಚರ್ ಆಗಿತ್ತು. ಬೆಟ್ಟದ ತುದಿಯಲ್ಲೋ ಜಲಪಾತದ ಬುಡದಲ್ಲೋ ಆಗಿದ್ದರೆ ಹೇಳಿಕೊಳ್ಳಲು ಒಂದು ಗತ್ತಾದರೂ ಇರುತ್ತಿತ್ತು. ಆಗಿದ್ದು ಸ್ವಂತ ಮನೆಯ ಬಚ್ಚಲ ಬಾಗಿಲಲ್ಲಿ, ಸೋಪಿನ ಚೂರೊಂದರ ಮೇಲೆ.

ಮಂಡಿಯವರೆಗೆ ಪ್ಲಾಸ್ಟರು. ಆರು ವಾರ ನೆಲಕ್ಕೆ ಕಾಲೂರುವ ಹಾಗಿಲ್ಲ. ಮನೆ ಮೂರನೇ ಮಹಡಿಯಲ್ಲಿ, ಕೆಳಗಿಳಿಯಲು ಐವತ್ನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಮೆಟ್ಟಿಲು ಎಷ್ಟೆಂದು ಅವಳಿಗೆ ಗೊತ್ತಾದದ್ದೂ ಆಟೋದಿಂದ ಇಳಿದವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದ ದಿನವೇ; ಹೊತ್ತವರು ಒಂದೊಂದನ್ನೂ ಗಟ್ಟಿಯಾಗಿ ಎಣಿಸಿದ್ದರು.

ಮೊದಲ ವಾರ ಅವಳು ಮನೆಯವರನ್ನೇ ಟೂರಿಗೆ ಹೊರಡಿಸಿದಳು. ಮಂಚದ ಮೇಲಿನಿಂದಲೇ ಕೂಗುತ್ತಿದ್ದಳು: "ಆರೂವರೆಗೆ ಟೀ, ಏಳಕ್ಕೆ ಸ್ನಾನ, ಏಳೂಮುಕ್ಕಾಲಿಗೆ ಹೊರಡೋದು. ತಡ ಮಾಡಿದವರಿಗೆ ಬಸ್ ಕಾಯಲ್ಲ!"

"ಎಲ್ಲಿಗೆ ಹೊರಡೋದಮ್ಮ?" ಹದಿನಾರರ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೇಳಿದಳು.

"ಸ್ಕೂಲಿಗೆ."

"ನೋಡೋ ಜಾಗ ಏನಾದ್ರೂ ಇದೆಯಾ ಅಲ್ಲಿ?"

ಎರಡನೇ ವಾರಕ್ಕೆ ಈ ಆಟ ಅವಳಿಗೇ ಹಳಸಿತು. ಕಿಟಕಿಯಲ್ಲಿ ಮೂರು ಬಸ್ಸುಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಯಾವ ಬಸ್ಸಿನ ನೆತ್ತಿ ಎಷ್ಟು ಹೊತ್ತಿಗೆ ಹಾಯುತ್ತದೆಂದು ಬಾಯಿಪಾಠವಾಯಿತು. ಊರುಗೋಲಿನ ಮೇಲೆ ಅಡುಗೆಮನೆಯವರೆಗೆ ಹೋಗಿಬರುವುದೇ ದೂರದ ಪ್ರಯಾಣ. ಅಂಥ ಒಂದು ಪ್ರಯಾಣದಲ್ಲಿ ಅವಳಿಗೆ ಸಕ್ಕರೆ ಸಿಗಲಿಲ್ಲ. ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ರವೆ ಇತ್ತು. ರವೆಯ ಡಬ್ಬಿಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿದ್ದವು.

"ಸಕ್ಕರೆ ಎಲ್ಲಿಟ್ಟಿದ್ದೀರ್ರೀ?"

"ಬಿಸ್ಕತ್ತಿನ ಡಬ್ಬೀಲಿ," ಎಂದ ಗಂಡ ಒಳಗಿನಿಂದ. "ನಮಗೆ ಗೊತ್ತಿರತ್ತಲ್ಲ, ಅದಕ್ಕೇ ಚೀಟಿ ಬದಲಾಯಿಸಿಲ್ಲ."

ನಮಗೆ. ಅವಳು ಆ ಪದವನ್ನು ಟೀಗೆ ಹಾಕಿಕೊಂಡು ಕಲಕಿ ಕುಡಿದಳು. ಅಪ್ಪ, ಮಗಳು ಎಂದರೆ ನಮಗೆ. ತಿಂಗಳಿಗೆ ಎಂಟು ದಿನ ಬಂದುಹೋಗುವವಳು ಅದರಲ್ಲಿ ಸೇರುತ್ತಾಳೋ ಇಲ್ಲವೋ?

ಅದೇ ಸಂಜೆ ಟ್ರಾವೆಲ್ಸ್ ಮಾಲೀಕರ ಫೋನು ಬಂತು. "ಮೇಡಂ, ಕಾಲು ಹೇಗಿದೆ? ಒಂದು ಮಾತು. ಆಫೀಸಲ್ಲಿ ಬುಕಿಂಗ್ ಮೇಜು ಖಾಲಿ ಆಗ್ತಿದೆ. ಆರಾಮಾಗಿ ಕೂತ್ಕೊಂಡು ಮಾಡೋ ಕೆಲಸ, ಸಂಜೆ ಆರಕ್ಕೆ ಮನೆ. ಬೇಕಂದ್ರೆ ಅದು ನಿಮ್ಮದು. ಇಲ್ಲ, ರೂಟೇ ಬೇಕು ಅಂದ್ರೆ ಮೂರು ತಿಂಗಳು ಕಾಯ್ತೀನಿ. ಯಾವುದು ಅಂತ ಭಾನುವಾರದೊಳಗೆ ಹೇಳಿಬಿಡಿ."

ಅವಳು ಗಂಡನಿಗೆ ಹೇಳಿದಳು. ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಅವನದು. ಹಾಸಿಗೆ ಹಿಡಿದ ಹೆಂಡತಿಗೋಸ್ಕರ ಈಗ ಮಧ್ಯಾಹ್ನದ ಕೆಲಸವನ್ನು ಮನೆಗೇ ತರುತ್ತಿದ್ದ. ಕಣ್ಣಿಗೆ ಕಚ್ಚಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ನಿನ್ನಿಷ್ಟ," ಎಂದ.

ಇಪ್ಪತ್ತೆರಡು ವರ್ಷ ಅವನದು ಇದೇ ಉತ್ತರ. ಅವನಂತೂ ಎಲ್ಲಿಗೂ ಬರುವವನಲ್ಲ. ಮದುವೆಗೆ ಮುಂಚೆಯೇ ಪ್ರಾಮಾಣಿಕವಾಗಿ ತಿಳಿಸಿದ್ದ: "ನಾನು ಬಸ್ ಹತ್ತಲ್ಲ. ಮೂರನೇ ಸ್ಟಾಪಿಗೆ ವಾಂತಿ." ಒಬ್ಬರಿಗೊಬ್ಬರು ಹೊಂದದ ಜೋಡಿ ಎಂದು ನೆಂಟರು ಮೂಗು ಮುರಿದಿದ್ದರು.

ಭಾನುವಾರಕ್ಕೆ ಇನ್ನೊಂದು ಗಡುವೂ ಇತ್ತು. ಸಣ್ಣ ಕೋಣೆಯ ಗೋಡೆಗೆ ಒಂದರ ಮೇಲೊಂದು ಪೇರಿಸಿದ್ದ ಅವಳ ಮೂರು ಕಬ್ಬಿಣದ ಪೆಟ್ಟಿಗೆಗಳ ಜಾಗಕ್ಕೆ ಮಗಳ ಓದುವ ಮೇಜು ಬರಬೇಕಿತ್ತು. "ಮೂರು ಒಂದಾಗಲಿ ಅಮ್ಮ, ಸಾಕು. ನಾನೇನು ಎಲ್ಲಾ ಎಸಿ ಅಂತಿಲ್ಲ." ಮಗಳ ದನಿಯಲ್ಲಿ ಉದಾರತೆ ಇತ್ತು.

ಶುಕ್ರವಾರ ಮಧ್ಯಾಹ್ನ ಗಂಡ ಪೆಟ್ಟಿಗೆಗಳನ್ನು ಮಂಚದ ಪಕ್ಕಕ್ಕೆ ಎಳೆದುಕೊಟ್ಟ. ಅವಳು ಹಾಸಿಗೆಯ ಮೇಲೆ ಮೂರು ಗುಡ್ಡೆಗೆ ಜಾಗ ಮಾಡಿದಳು: ಇರಲಿ, ಹೋಗಲಿ, ನೋಡೋಣ. ಮೊದಲ ಪೆಟ್ಟಿಗೆ ತೆರೆದರೆ ಹೋಟೆಲುಗಳ ಪುಟಾಣಿ ಸೋಪುಗಳು, ಒಂದಕ್ಕೂ ವಾಸನೆ ಉಳಿದಿಲ್ಲ. ಅರ್ಧ ಹರಿದ ಪ್ರವೇಶ ಚೀಟಿಗಳು. ಪ್ರಯಾಣಿಕರೊಬ್ಬರು ಪ್ರೀತಿಯಿಂದ ಹೆಣೆದು ಕೊಟ್ಟ, ಎರಡೂ ಎಡಗೈಯದಾದ ಕೈಗವಸು. ಮಡಚಿ ಮಡಚಿ ಮಡಿಕೆಯಲ್ಲೇ ಊರುಗಳು ಅಳಿಸಿಹೋದ ನಕ್ಷೆಗಳು. ಎರಡು ಗಂಟೆಯಲ್ಲಿ "ನೋಡೋಣ" ಬೆಟ್ಟವಾಯಿತು. ಸೋಪುಗಳನ್ನೇನೋ "ಹೋಗಲಿ"ಗೆ ಹಾಕಿದಳು. ಮತ್ತೆ ಅದರಿಂದ ಒಂದನ್ನು ಕದ್ದಳು. ಬಿದ್ದದ್ದೂ ಸೋಪಿನಿಂದಲೇ ಎಂದು ನೆನಪಾಗಿ ವಾಪಸ್ಸು ಎಸೆದಳು.

ಮೂರನೆಯದು ಕಲ್ಲಿನ ಪೆಟ್ಟಿಗೆ. ಮೊದಲ ಹದಿಮೂರು ವರ್ಷ ಪ್ರತಿ ದೊಡ್ಡ ಟೂರಿನ ಕೊನೆಯ ಊರಿನಿಂದ ಅವಳೊಂದು ಕಲ್ಲು ತರುತ್ತಿದ್ದಳು, ಹೆಬ್ಬೆರಳಿನಷ್ಟು ದೊಡ್ಡದು. ಸುತ್ತ ಒಂದು ಚೀಟಿ, ಚೀಟಿಯಲ್ಲಿ ಜಾಗ, ತಾರೀಕು, ಮೇಲೊಂದು ದಾರ. ಒಟ್ಟು ನಲವತ್ತಮೂರು. ಆಮೇಲೆ ತರುವುದು ನಿಂತಿತು. ಒಮ್ಮೆಯೂ ಪೆಟ್ಟಿಗೆ ತೆರೆದು ನೋಡಿದವಳಲ್ಲ. ಕೂಡಿಡುವವರಿಗೆ ಸಾಮಾನ್ಯವಾಗಿ ನೋಡುವ ಚಟ ಇರುವುದಿಲ್ಲ.

ಕೈಗೆ ಮೊದಲು ಬಂದದ್ದು ಕಪ್ಪು ಕಲ್ಲು, ಸೊಂಟದಲ್ಲಿ ಬಿಳಿ ಗೆರೆ. ಇದನ್ನು ಅವಳು ಕಣ್ಣುಮುಚ್ಚಿ ಹೇಳಬಲ್ಲಳು: ಬಸ್ಸು ಅರ್ಧ ದಿನ ಹೂತು ನಿಂತಿದ್ದ, ಹೊಳೆ ದಾಟುವ ಜಾಗ. ಚೀಟಿ ಬಿಚ್ಚಿದಳು. ಅವಳದೇ ಅಕ್ಷರ: "ದೀಪಸ್ತಂಭದ ಮೆಟ್ಟಿಲು."

ಇನ್ನೊಂದು ಬಿಚ್ಚಿದಳು. ಉಪ್ಪಿನ ಸರೋವರದ ಬಿಳಿ ಹರಳಿಗೆ "ಗಣಿಯ ಬಾಯಿ" ಎಂಬ ಚೀಟಿ. ಮತ್ತೊಂದು ಸರಿಯಿತ್ತು. ಮತ್ತೆರಡು ತಪ್ಪು. ಕಾಲು ಹೋಯಿತು, ಈಗ ತಲೆಯೂ ಹೊರಟಿತೇ? ಕಂಡದ್ದನ್ನೆಲ್ಲ ಹೀಗೆ ಅದಲುಬದಲು ಮಾಡಿಕೊಂಡೇ ಮೈಕಿನಲ್ಲಿ ಜನರಿಗೆ ಹೇಳುತ್ತಿದ್ದೆನೇ? ಬುಕಿಂಗ್ ಮೇಜೇ ಸರಿ ಹಾಗಾದರೆ. ಅಲ್ಲಿ ಎಲ್ಲವೂ ಕಂಪ್ಯೂಟರಿನಲ್ಲಿರುತ್ತದೆ.

ಆರನೆಯ ಚೀಟಿಯ ಕಾಗದವೇ ಬೇರೆ. ಅಕ್ಷರವೂ ಬೇರೆ, ಇರುವೆ ಸಾಲು. ಗಡಿಯಾರದ ಮುಚ್ಚಳದ ಒಳಗೆ ರಿಪೇರಿಯ ತಾರೀಕು ಗೀಚುವವರ ಅಕ್ಷರ.

"ಬೆಲ್ಟ್ ಹರಿದು ಬಸ್ ನಿಂತ ಸೇತುವೆ. ಡ್ರೈವರ್ ಅತ್ತ. ಇವಳು ಎಲ್ಲರ ಕೈಲೂ ಹಾಡಿಸಿದಳು. ಹಿಂದಿನ ಸೀಟಿನ ಅಜ್ಜಿಗೆ ಮಾತ್ರ ಶ್ರುತಿ ಇತ್ತು."

ಅವಳು ಇಂಥದ್ದನ್ನು ಬರೆದವಳೇ ಅಲ್ಲ. ಜಾಗ, ತಾರೀಕು, ಅಷ್ಟೇ.

"ರೀ," ಎಂದಳು. "ಸ್ವಲ್ಪ ಇಲ್ಲಿ ಬನ್ನಿ."

ಅವನು ಬಂದ. ಚೀಟಿ ನೋಡಿದ. ಕಣ್ಣಿನಿಂದ ಭೂತಗನ್ನಡಿ ತಾನಾಗಿ ಕಳಚಿ ಅಂಗೈಗೆ ಬಿತ್ತು. ಬಾಗಿಲಲ್ಲಿ ಮಗಳು ಇಣುಕಿ, ಪೆಟ್ಟಿಗೆ ನೋಡಿ, ಬಂದ ಹಾಗೇ ಬೆಕ್ಕಿನ ಹೆಜ್ಜೆಯಲ್ಲಿ ತಿರುಗಿದಳು.

"ನೀನೂ ಬಾರೇ ಇಲ್ಲಿ!"

ಇಬ್ಬರೂ ಸಾಲಾಗಿ ನಿಂತರು, ಬಸ್ಸಿಗೆ ತಡವಾಗಿ ಬಂದವರ ಹಾಗೆ.

"ಒಂಬತ್ತು ವರ್ಷದ ಹಿಂದೆ," ಅವನು ಶುರು ಮಾಡಿದ. "ನೀನು ದೊಡ್ಡ ಟೂರಿಗೆ ಹೋಗಿದ್ದೆ. ಬರೋಷ್ಟರಲ್ಲಿ ಕಲ್ಲನ್ನೆಲ್ಲ ತೊಳೆದು ಹೊಳೆಯೋ ಹಾಗೆ ಇಡೋಣ ಅಂತ..."

"ಕಲ್ಲು ತೊಳೀತಾರೇನ್ರೀ ಯಾರಾದ್ರೂ?"

"ಬಿಚ್ಚಿದ್ದನ್ನ ತೊಳೀದೆ ಇಟ್ಟು ನಂಗೆ ಅಭ್ಯಾಸ ಇಲ್ಲ. ಕ್ರಮವಾಗೇ ಮಾಡಿದ್ದೆ ಕಣೇ. ಎಡಗಡೆ ಕಲ್ಲು ಸಾಲಾಗಿ, ಬಲಗಡೆ ಚೀಟಿ ಅದೇ ಸಾಲಲ್ಲಿ. ಅಂಗಡೀಲಿ ಹಾಗೇ ತಾನೇ ಮಾಡೋದು, ಯಾವತ್ತೂ ಒಂದು ಹಲ್ಲಿನ ಚಕ್ರ ಆಚೀಚೆ ಆಗಿಲ್ಲ." ಅವನು ಸೂರಿನತ್ತ ಬೆರಳು ತೋರಿಸಿದ. "ಆದ್ರೆ ಅಂಗಡೀಲಿ ಫ್ಯಾನಿಲ್ಲ."

ಅದು ನಿಜ. ಗಡಿಯಾರದ ಹೊಟ್ಟೆ ಬಿಚ್ಚಿ ಕೂರುವವರು ಎಂಥ ಸೆಕೆಯಲ್ಲೂ ಫ್ಯಾನು ಹಾಕುವುದಿಲ್ಲ. ಕೂದಲೆಳೆಯಂಥ ಸ್ಪ್ರಿಂಗು ಹಾರಿದರೆ ಮುಗಿಯಿತು. ಮೂವತ್ತು ವರ್ಷ ಫ್ಯಾನಿಲ್ಲದ ಕೋಣೆಯಲ್ಲಿ ಕೆಲಸ ಮಾಡಿದವನಿಗೆ ಲೋಕದಲ್ಲಿ ಅಂಥದ್ದೊಂದಿದೆ ಎಂದೇ ಹೊಳೆದಿರಲಿಲ್ಲ.

"ಸ್ಕೂಲಿಂದ ಬಂದೆ. ಬೆವರ್ತಿತ್ತು. ಸ್ವಿಚ್ ಹಾಕಿದೆ," ಎಂದಳು ಮಗಳು. "ಐದರಲ್ಲಿ."

ಚೀಟಿಗಳು ಚಿಟ್ಟೆಗಳಂತೆ ಎದ್ದವಂತೆ. ಒಂಬತ್ತು ಕಿಟಕಿಯಿಂದ ಹೊರಗೆ. ಏಳು ವರ್ಷದ ಮಗಳು ಐವತ್ನಾಲ್ಕು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಬೀದಿಯಲ್ಲಿ ನೀರು ಚಿಮುಕಿಸುವ ಗಾಡಿ ಹಾದುಹೋಗಿತ್ತು.

"ಉಳಿದದ್ದನ್ನ ನೆನಪಿನ ಮೇಲೆ ಜೋಡಿಸಿದೆ. ಪ್ರತಿ ಸಲ ಬಂದಾಗ ನೀನು ಹೇಳ್ತಿದ್ದೆಯಲ್ಲ, ಈ ಕಲ್ಲು ಎಲ್ಲಿ ಸಿಕ್ತು, ಅಲ್ಲಿ ಏನಾಯ್ತು ಅಂತ. ಹೋದ ಒಂಬತ್ತನ್ನ ನಾನೇ ಬರೆದೆ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ."

ಅವಳು ಚೀಟಿಯನ್ನು ಮತ್ತೆ ಕಲ್ಲಿಗೆ ಸುತ್ತಿದಳು. ನಿಜಕ್ಕೂ ಕೋಪವೇ ಬಂದಿತ್ತು. ಆದರೆ ಕೋಪದ ಕೆಳಗಿನಿಂದ ಬೇರೇನೋ ನೂಕುತ್ತಿತ್ತು.

"ನಾನು ಹೇಳ್ತಿದ್ದಾಗ ನೀವು ಕೇಳಿಸಿಕೊಳ್ತಿದ್ರಾ?"

"ಮತ್ತೆ?"

"ಕಣ್ಣು ಗಡಿಯಾರದೊಳಗೇ ಇರ್ತಿತ್ತಲ್ರೀ!"

"ಕಣ್ಣು ಇರ್ತಿತ್ತು. ಕಿವೀಗೆ ಅಲ್ಲೇನು ಕೆಲಸ?"

ಅವಳು ಒಂದು ಕೆಂಪು ಕಲ್ಲನ್ನು ಎತ್ತಿ ಹಿಡಿದಳು, ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ. "ಇದು?"

ಅವನು ಭೂತಗನ್ನಡಿ ಸಿಕ್ಕಿಸಿಕೊಂಡು, ತಿರುಗಿಸಿ ತಿರುಗಿಸಿ ನೋಡಿ ಹೇಳಿದ: "ನೀನು ಒಂದು ಚಪ್ಪಲಿ ಕಳಕೊಂಡ ಕೋಟೆ. ಇನ್ನೊಂದನ್ನ ಅಲ್ಲೇ ಯಾಕೆ ಬಿಟ್ಟು ಬರಲಿಲ್ಲ ಅಂತ ನಾನು ಕೇಳಿದ್ದೆ. ನೀನು 'ಸಿಕ್ಕವರಿಗೆ ಜೊತೆ ಆಗಿಬಿಡುತ್ತಲ್ಲ' ಅಂದಿದ್ದೆ."

"ಇದು?"

"ಗಡಿ ಹತ್ತಿರದ ಟೀ ಅಂಗಡಿ. ಮಂಜು. ಮುಂದಿನ ಚಕ್ರ ಕಾಣ್ತಿರಲಿಲ್ಲ," ಎಂದವಳು ಮಗಳು. "ಇದು ನಂಗೆ ನಿದ್ದೆ ಬರೋಕೆ ಅಪ್ಪ ಹೇಳ್ತಿದ್ದ ಕಥೆ. ನೀನಿಲ್ಲದಾಗ ಪೆಟ್ಟಿಗೆ ತೆಗೆದು ದಿನಕ್ಕೊಂದು ಕಲ್ಲು. ಅಪ್ಪ ಸೇರಿಸಿ ಸೇರಿಸಿ ಹೇಳೋನು, ಟೀ ಅಂಗಡೀಲಿ ಕರಡಿ ಬರ್ತಿತ್ತು."

"ಕರಡಿ ಇರಲಿಲ್ಲ ಕಣೇ ಅಲ್ಲಿ!"

"ನಂಗೊತ್ತು. ಆದ್ರೂ ಬರ್ತಿತ್ತು."

ಅವಳು ಮುಖ ಕಿಟಕಿಗೆ ತಿರುಗಿಸಿಕೊಂಡಳು. ಬಸ್ಸಿನ ನೆತ್ತಿಯೊಂದು ಹಾದುಹೋಯಿತು. ಎಷ್ಟು ಗಂಟೆಯದೆಂದು ತಿಳಿಯಲಿಲ್ಲ.

"ಆಮೇಲೆ ನೀನು ಕಲ್ಲು ತರೋದೇ ನಿಲ್ಲಿಸಿದೆ," ಎಂದ ಅವನು, ಮೆಲ್ಲಗೆ. "ಬಂದು ಏನೂ ಹೇಳ್ತಾನೂ ಇರಲಿಲ್ಲ. ಪೆಟ್ಟಿಗೆ ತೆಗೆದಿದ್ದೀಯ, ಗುಟ್ಟು ರಟ್ಟಾಗಿದೆ, ಸಿಟ್ಟಿಗೆ ಮಾತು ಬಿಟ್ಟಿದ್ದೀಯ ಅಂದ್ಕೊಂಡೆ. ಒಂಬತ್ತು ವರ್ಷದಿಂದ ಅದೇ ಅಂದ್ಕೊಂಡಿದ್ದೀನಿ."

"ನಾನು ಯಾರೂ ಕೇಳಿಸಿಕೊಳ್ಳಲ್ಲ ಅಂತ ನಿಲ್ಲಿಸಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂಬತ್ತು ವರ್ಷ ಎಂದರೆ ಸಣ್ಣ ಅವಧಿಯಲ್ಲ. ಅಷ್ಟರಲ್ಲಿ ಕೆಲವರು ಮದುವೆಯಾಗಿ, ಜಗಳವಾಡಿ, ಬಿಟ್ಟು, ಮತ್ತೆ ಮದುವೆಯಾಗುತ್ತಾರೆ. ಇವರು ಸುಮ್ಮನಿದ್ದರು, ಅಷ್ಟೇ.

"ಬುಕಿಂಗ್ ಮೇಜು ಒಪ್ಪಿಕೊಂಡುಬಿಡ್ತೀಯಾ?" ಅವನು ಕೇಳಿದ.

"ನನ್ನಿಷ್ಟ ಅಂದ್ರಲ್ಲ."

"ಅಂದೆ. ನನ್ನಿಷ್ಟ ನೀನು ಕೇಳಲಿಲ್ಲ." ಅವನು ಕೆಂಪು ಕಲ್ಲನ್ನು ಚಿಮಟದಲ್ಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ. "ಮೂರನೇ ಸ್ಟಾಪ್ ದಾಟಲಾಗದೋನು ನಾನು. ಆ ಕಡೆ ಏನಿದೆ ಅಂತ ನೀನು ಬಂದು ಹೇಳದಿದ್ರೆ ನಂಗೆ ಗೊತ್ತಾಗೋದು ಹೇಗೆ? ಸಂಜೆ ಆರಕ್ಕೆ ಮನೆಗೆ ಬಂದು ಏನು ಹೇಳ್ತೀಯ, ಸರ್ವರ್ ಡೌನ್ ಇತ್ತು ಅಂತಲಾ?"

ಮಗಳು ಕಿಸಕ್ಕನೆ ನಕ್ಕಳು. ಅವಳೂ ನಕ್ಕಳು. ನಗು ಮುಗಿದ ಮೇಲೂ ಕಣ್ಣು ಒರೆಸಿಕೊಳ್ಳುವುದು ಮುಗಿಯಲಿಲ್ಲ.

ಭಾನುವಾರ ಬೆಳಗ್ಗೆ ಮಾಲೀಕರಿಗೆ ಫೋನು ಮಾಡಿ ರೂಟೇ ಬೇಕೆಂದಳು. ಆದರೆ ಒಂದು ಟೂರಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ದಿನ ಬೇಕು, ಎರಡು ಸಾಲುವುದಿಲ್ಲ. ಯಾಕೆ ಮೇಡಂ, ಕಾಲಿಗೆ ರೆಸ್ಟಾ? ಅಲ್ಲ, ಬಾಯಿಗೆ ಕೆಲಸವಿದೆ. ಮಾಲೀಕರಿಗೆ ಅರ್ಥವಾಗಲಿಲ್ಲ, ಒಪ್ಪಿಕೊಂಡರು. ಎರಡು ಪೆಟ್ಟಿಗೆ ಹಳೆ ಸಾಮಾನಿಗೆ ಹೋದವು, ಕೈಗವಸು ಮಾತ್ರ ಮಗಳ ಪಾಲಾಯಿತು. ಕಲ್ಲಿನ ಪೆಟ್ಟಿಗೆ ಮೇಜಿನ ಕೆಳಗೆ ಕೂತಿತು. ತಪ್ಪು ಚೀಟಿಗಳನ್ನು ಸರಿಮಾಡಲೇ ಎಂದು ಗಂಡ ಕೇಳಿದ. "ಸಕ್ಕರೆ ಡಬ್ಬಿ ಹಾಗೇ ಇದೆಯಲ್ಲ," ಎಂದಳು. "ನಮಗೆ ಗೊತ್ತಿದ್ರೆ ಸಾಕು."

ಪ್ಲಾಸ್ಟರು ತೆಗೆದ ಹದಿನೈದನೆಯ ದಿನ ಅವಳು ಐವತ್ನಾಲ್ಕು ಮೆಟ್ಟಿಲು ಇಳಿದಳು, ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಗಂಡನ ಭುಜದ ಮೇಲೆ. ಬೀದಿಯ ತುದಿಯವರೆಗೆ ನಡೆದು ಬರಲು ಡಾಕ್ಟರು ಹೇಳಿದ್ದರು. ತುದಿಯಲ್ಲಿ ಬಸ್ ಸ್ಟಾಪಿತ್ತು. ಬಸ್ಸೂ ಬಂತು. ಅವನೇ ಮೊದಲು ಹತ್ತಿ, ಕೈ ಕೊಟ್ಟು ಅವಳನ್ನು ಎಳೆದುಕೊಂಡ.

ಮೊದಲ ಸ್ಟಾಪಿನಲ್ಲಿ ಅವನು ಕಿಟಕಿ ಪೂರ್ತಿ ತೆರೆದ. ಎರಡನೆಯದರಲ್ಲಿ ಅವಳ ಮುಂಗೈ ಹಿಡಿದ. "ಎಡಗಡೆ ನೋಡಿ," ಎಂದು ಅವಳು ಕಿವಿಯಲ್ಲಿ ಪಿಸುಗುಟ್ಟಿದಳು. "ಗ್ಯಾಸ್ ಸಿಲಿಂಡರಿನ ಗೋಡೌನು. ಕಟ್ಟಿ ನಲವತ್ತು ವರ್ಷ. ಯಾರೂ ಫೋಟೋ ತೆಗೆದಿಲ್ಲ." ಅವನು ಎಡಗಡೆ ನೋಡಿದ. ಮೂರನೆಯದರಲ್ಲಿ ಮಾತು ತಪ್ಪದೆ ಇಳಿದು, ಚರಂಡಿಯ ಪಕ್ಕ ಬಗ್ಗಿ, ಹೇಳಿದ್ದನ್ನು ಮಾಡಿದ. ಅವಳು ಬೆನ್ನು ನೀವಿದಳು, ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟಳು. ಈ ಕೆಲಸದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಅನುಭವ.

ಬಾಯಿ ಮುಕ್ಕಳಿಸಿ ಅವನು ರಸ್ತೆಯ ಅಂಚಿನಲ್ಲಿ ಕೂತ. ಸುತ್ತ ನೋಡಿದ: ಒಂದು ಟೈರಿನ ಅಂಗಡಿ, ಬಾಗಿದ ಕಂಬ, ಮಣ್ಣಿನ ಗುಡ್ಡೆ. ಗುಡ್ಡೆಯಲ್ಲಿ ಕೈಯಾಡಿಸಿ ಬೂದು ಬಣ್ಣದ ಒಂದು ಕಲ್ಲು ಆರಿಸಿ, ಅಂಗಿಯ ಚುಂಗಿಗೆ ಒರೆಸಿ, ಬೆಳಕಿಗೆ ಹಿಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಬಸ್ ಟಿಕೆಟ್ಟಿನ ಬೆನ್ನ ಮೇಲೆ ಇರುವೆ ಸಾಲಿನಲ್ಲಿ ಬರೆಯತೊಡಗಿದ.

"ಏನು ಬರೀತಿದ್ದೀರಿ? ತೋರಿಸಿ."

"ಇರು," ಎಂದ ಅವನು, ಅಂಗೈ ಮರೆಮಾಡಿ. "ಮನೆಗೆ ಹೋದ ಮೇಲೆ ಹೇಳ್ತೀನಿ. ನಡೆದೇ ಹೋಗೋಣ, ಅಲ್ಲಲ್ಲಿ ಕೂತು, ನಿಧಾನಕ್ಕೆ."