ಬೆಚ್ಚಗಿನ ಗೋಡೆ

ನಮ್ಮ ಸಂಶೋಧನಾಲಯದ ಇಲಿಕೋಣೆ ನನ್ನ ಸುಪರ್ದಿಯಲ್ಲಿದೆ. ಇಪ್ಪತ್ತೆರಡು ವರ್ಷದಿಂದ ಇಲಿಗಳ ಹಿಕ್ಕೆ ಬಾಚಿದ್ದೇನೆ. ವಿಜ್ಞಾನಿಗಳ ಜಂಭಕ್ಕಿಂತ ಅದೇ ವಾಸಿ. ತಂಗಿಯ ಮಗಳು ಡಾಕ್ಟರೇಟ್ ಮಾಡಲು ಇಲ್ಲಿಗೇ ಬಂದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನಾಲ್ಕು ಜನರ ಮುಂದೆ ಅವಳನ್ನು ಮೇಡಂ ಎನ್ನುತ್ತಿದ್ದೆ. ಅವಳು ನಗು ತಡೆಯಲಾರದೆ ಆ ಕಡೆ ತಿರುಗಿಕೊಳ್ಳುತ್ತಿದ್ದಳು.

ವಿದ್ಯುತ್ ಹರಿಯುವ ಕಡೆ ಹುಟ್ಟುವ ಕಾಂತಕ್ಷೇತ್ರ ಪ್ರಾಣಿಗಳ ಹಾರ್ಮೋನನ್ನು ಏರುಪೇರು ಮಾಡುತ್ತದೆಯೇ, ಮರಿಗಳು ಕಡಿಮೆಯಾಗುತ್ತವೆಯೇ ಎಂಬುದು ಅವಳ ಪ್ರಶ್ನೆ. ಇಲಿಗಳ ಪಂಜರ ಜೋಡಿಸಿದ ಎರಡು ಸ್ಟ್ಯಾಂಡು, ಎರಡರ ಸುತ್ತಲೂ ತಾಮ್ರದ ಸುರುಳಿ. ಒಂದರಲ್ಲಿ ಕರೆಂಟು ಹರಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಹೋಲಿಸಿ ನೋಡಲು ಆ ಇನ್ನೊಂದು ಇರಲೇಬೇಕು. ನಾಲ್ಕು ವರ್ಷ ಹೀಗೆ ನಡೆಯಿತು.

ಕೊನೆಗೆ ನೋಡಿದರೆ ಎರಡೂ ಕಡೆ ಒಂದೊಂದು ಸೂಲಿಗೆ ಆರೇಳು ಮರಿ. ರಕ್ತದಲ್ಲಿನ ಹಾರ್ಮೋನೂ ಹೆಚ್ಚುಕಡಿಮೆ ಒಂದೇ. "ಪರಿಣಾಮ ಇಲ್ಲ ಅಂತ ಬರೆದು ಮುಗಿಸಿ" ಎಂದರು ಅವಳ ಗೈಡು. ಅವಳಿಗೆ ಸಮಾಧಾನವಾಗಲಿಲ್ಲ.

"ಮಾವ, ಈ ತಳಿ ಬೇರೆ ಕಡೆ ಹತ್ತು ಹನ್ನೊಂದು ಮರಿ ಹಾಕುತ್ತೆ. ಕರೆಂಟಿಲ್ಲದ ಕಡೆನೂ ಯಾಕೆ ಆರು?"

ಕಾಂತಕ್ಷೇತ್ರ ಅಳೆಯುವ ಮೀಟರು ತಂದಳು. ಮೊದಲ ದಿನ ಅಳೆದಿದ್ದು ಬಿಟ್ಟರೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕರೆಂಟಿಲ್ಲದ ಸ್ಟ್ಯಾಂಡಿನ ಹತ್ತಿರ ಹಿಡಿದಳು. ಅಂಕಿ ಏರಿತು. ಹಿಂದಿನ ಗೋಡೆಗೆ ತಾಗಿಸಿದರೆ ಇನ್ನೂ ಏರಿತು. ಆ ಗೋಡೆಯ ಆಚೆ ಇಡೀ ಕಟ್ಟಡದ ಟ್ರಾನ್ಸ್‌ಫಾರ್ಮರ್ ಇದೆ.

"ಈ ಸ್ಟ್ಯಾಂಡು ಮೊದಲು ಕಿಟಕಿ ಕಡೆ ಇತ್ತಲ್ವಾ ಮಾವ?"

ಇತ್ತು. ಮೊದಲ ಚಳಿಗಾಲದಲ್ಲಿ ಕಿಟಕಿ ಸಂದಿಯಿಂದ ಗಾಳಿ ನುಗ್ಗಿ ಮರಿಗಳು ಸೆಟೆದು ಸಾಯುತ್ತಿದ್ದವು. ನನ್ನ ಕರುಳು ಚುರುಕ್ ಎಂದಿತು. ಈ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಸ್ಟ್ಯಾಂಡನ್ನು ಇಲ್ಲಿಗೆ ತಳ್ಳಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಓಡಾಡಲು ಜಾಗವಾಯಿತೆಂದು ಅವಳೂ ಮೆಚ್ಚಿದ್ದಳು. ಗೋಡೆ ಯಾಕೆ ಬೆಚ್ಚಗಿದೆ ಎಂದು ಇಬ್ಬರ ತಲೆಗೂ ಹೊಳೆಯಲಿಲ್ಲ.

"ನಾನೇ ತಳ್ಳಿದ್ದು" ಎಂದೆ. "ಮತ್ತೆ ಮೊದಲಿಂದ ಮಾಡೋಣ ಕೂಸೇ. ಒಂದು ದಿನ ರಜೆ ಹಾಕಲ್ಲ ನಾನು."

"ನನ್ನ ಅವಧಿ ಈ ತಿಂಗಳಿಗೆ ಮುಗಿಯುತ್ತೆ. ಇನ್ನು ಪ್ರಾಣಿ ಕೊಡಲ್ಲ."

"ಹಾಗಾದ್ರೆ ಗೈಡು ಹೇಳಿದ್ದನ್ನೇ ಬರಿ. ನಾನು ಬಾಯಿ ಬಿಡಲ್ಲ."

"ಪರಿಣಾಮ ಇಲ್ಲ ಅಂತ ಸುಳ್ಳು ಬರೀಲಾ? ಇದೆ ಅಂತಾನೂ ಬರೆಯೋ ಹಾಗಿಲ್ಲ. ಎರಡು ಕಡೆನೂ ಕಾಂತಕ್ಷೇತ್ರ ಇತ್ತು, ಇದರಿಂದ ಏನೂ ಗೊತ್ತಾಗಲ್ಲ ಮಾವ. ಏನೂ."

ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಮೀಟರನ್ನು ಡಬ್ಬಿಗೆ ಹಾಕಿ, ಬಿಳಿ ಕೋಟು ಕಳಚಿ ಮೊಳೆಗೆ ನೇತುಹಾಕಿ, "ಅಮ್ಮನಿಗೆ ನಾನೇ ಹೇಳ್ತೀನಿ" ಎಂದು ಹೋದಳು. ಅವಳ ನಾಲ್ಕು ವರ್ಷವನ್ನು ನಾನೇ ಕೈಯಾರೆ ಮಣ್ಣುಪಾಲು ಮಾಡಿದ್ದೆ. ತಂಗಿಗೆ ಯಾವ ಮುಖ ತೋರಿಸುವುದು ಎಂದು ಇವತ್ತಿಗೂ ತಿಳಿದಿಲ್ಲ.

ಶನಿವಾರ ಕೋಣೆ ಖಾಲಿ ಮಾಡಲು ಚೀಟಿ ಬಂತು. ಪ್ರಯೋಗ ಮುಗಿದ ಇಲಿಗಳನ್ನು ಉಸಿರು ನಿಲ್ಲಿಸುವ ಅನಿಲದ ಪೆಟ್ಟಿಗೆಗೆ ಹಾಕುವುದು ನನ್ನದೇ ಕೆಲಸ. ಪ್ರತಿ ಸಲ 'ನಿಮ್ಮಿಂದ ನಾಲ್ಕು ಜನಕ್ಕೆ ಉಪಯೋಗವಾಯಿತು, ಹೋಗಿಬನ್ನಿ' ಎಂದು ಮನಸ್ಸಿನಲ್ಲೇ ಹೇಳಿ ಮುಚ್ಚಳ ಹಾಕುತ್ತಿದ್ದೆ. ಆ ದಿನ ಇನ್ನೂರಹನ್ನೆರಡು ಇಲಿಗಳನ್ನು ಎತ್ತಿ ಹಾಕಿದೆ. ಗಬ್ಬದವೂ ಇದ್ದವು. ಒಂದಕ್ಕೂ ಹೇಳಲು ನನ್ನಲ್ಲಿ ಮಾತಿರಲಿಲ್ಲ.