ಆ ತುದಿಯ ಅಂಗಡಿಯವರು ಕೇಳಿದರಂತೆ

ಅರಸೀಕೆರೆ ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿಕೊಂಡು ಚಳಿಗಾಲಕ್ಕೆ ಆರು ಸ್ವೆಟರ್ ಅಂಗಡಿಗಳು ಏಳುತ್ತಿದ್ದವು. ಆರೂ ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನವರವು. ಈ ತುದಿಯದು ಯಾಂಗ್‌ಚೆನ್ ಅಕ್ಕನದು, ಆ ತುದಿಯದು ಲ್ಹಾಕಿ ಅಕ್ಕನದು. ಹೋದ ವರ್ಷದವರೆಗೆ ಇಬ್ಬರದೂ ಒಂದೇ ಟಾರ್ಪಾಲಿನ ಕೆಳಗಿದ್ದವು.

ದ್ರಾಕ್ಷಾಯಣಿ ಯಾಂಗ್‌ಚೆನ್ ಅಕ್ಕನ ಅಂಗಡಿಯಲ್ಲಿ ಬಟ್ಟೆ ಮಡಿಸುವ ಹುಡುಗಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬಾಣಾವರದಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದಳು. ಮನೆಯಲ್ಲಿ ಅಣ್ಣ ಅತ್ತಿಗೆ ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತಿದ್ದರು. ಇವಳು ಗೋಡೆ ಕಡೆ ಮುಖ ಮಾಡಿ ಉಂಡು ಏಳುತ್ತಿದ್ದಳು. ಯಾಂಗ್‌ಚೆನ್ ಅಕ್ಕನಾದರೆ ಇವಳನ್ನು ಕಂಡ ಕೂಡಲೇ "ಚಳಿ ಆಯ್ತೇನೆ ದಾಕ್ಷಿ?" ಅಂತ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದಳು. ದಿನವಿಡೀ ಇವಳನ್ನು ಹೆಸರು ಹಿಡಿದು ಕರೆಯುವವಳು ಅಕ್ಕ ಒಬ್ಬಳೇ.

ಆ ಇಬ್ಬರ ಜಗಳದ ಕಾರಣವನ್ನೂ ಅಕ್ಕನೇ ಹೇಳಿದ್ದಳು. ಟಿಬೆಟಿನವರಲ್ಲಿ ಸಾವಿರ ಜನರನ್ನು ಅಮೆರಿಕದವರು ಕರೆಸಿಕೊಂಡು ಅಲ್ಲೇ ನೆಲೆ ಕೊಡುತ್ತಾರಂತೆ. ಕ್ಯಾಂಪಿನಲ್ಲಿ ಚೀಟಿ ಎತ್ತಿದರು. ಯಾಂಗ್‌ಚೆನ್ ಅಕ್ಕನ ಹೆಸರು ಬಂತು, ಲ್ಹಾಕಿಯದು ಬರಲಿಲ್ಲ.

"ಮೂವತ್ತು ವರ್ಷ ಒಂದೇ ನಲ್ಲೀಲಿ ನೀರು ಹಿಡಿದ್ವಿ. ಹೋದ್ರೆ ಎಲ್ಲಾರೂ ಒಟ್ಟಿಗೆ ನಮ್ಮ ದೇಶಕ್ಕೆ ಹೋಗೋದು ಅಂತಿತ್ತು. ಈಗ ನಾನು ಕೊಡ ತಗೊಂಡು ಹೋದ್ರೆ ಅಲ್ಲಿದ್ದೋರ ಮಾತು ನಿಂತೋಯ್ತದೆ ಕಣೇ."

"ಮತ್ತೆ ಯಾಕೆ ಹೋಗ್ತೀರಕ್ಕ?"

"ಮಗಳಿಗೋಸ್ಕರ. ಗಂಡನೂ ಇಲ್ಲ. ನಮಗಿರೋದು ಪೊಲೀಸ್ನೋರ ಹತ್ರ ಸೀಲ್ ಹೊಡಿಸ್ತಾ ಇರೋ ನಿರಾಶ್ರಿತರ ಪುಸ್ತಕ ಒಂದೇ. ಅವಳ ಕೈಗೂ ಅದನ್ನೇ ಕೊಡ್ಲಾ? ನಾನು ಮೊದ್ಲು ಹೋದ್ರೆ ಆಮೇಲೆ ಅವಳನ್ನ ಕರೆಸ್ಕೋಬೋದು."

ಮಾತು ಬಿಟ್ಟಿದ್ದರೂ ವ್ಯಾಪಾರ ಬಿಡುವಂತಿರಲಿಲ್ಲ. ಒಬ್ಬರಲ್ಲಿಲ್ಲದ ಸೈಜನ್ನು ಇನ್ನೊಬ್ಬರಿಂದ ತರಿಸಿ ಗಿರಾಕಿಗೆ ಕೊಡುವುದು ಆ ಸಾಲಿನ ವಾಡಿಕೆ. ತರುವವಳು ದ್ರಾಕ್ಷಾಯಣಿ. ಒಂದು ದಿನ ಕಣಕಟ್ಟೆಯ ಹೆಂಗಸೊಬ್ಬಳು ಮೂವತ್ತಾರರ ಮರೂನ್ ಬಣ್ಣದ್ದೇ ಆಗಬೇಕೆಂದು ಹಟ ಹಿಡಿದಳು. ದ್ರಾಕ್ಷಾಯಣಿ ಆ ತುದಿಗೆ ಹೋದಳು.

ಲ್ಹಾಕಿ ಅಕ್ಕ ತಲೆಯೆತ್ತದೆ, "ನಿಮ್ಮ ಅಮೆರಿಕಾ ಮೇಡಮ್ಮಂಗೆ ಹೇಳು, ಇಲ್ಲಿರೋದು ಬಡವ್ರ ಸ್ವೆಟ್ರು ಅಂತ," ಅಂದಳು.

ಹಿಂದಿರುಗಿ ಬರುವಾಗ ಯಾಂಗ್‌ಚೆನ್ ಅಕ್ಕ ಕತ್ತು ಉದ್ದ ಮಾಡಿ ಇವಳನ್ನೇ ಕಾಯುತ್ತಿದ್ದುದು ಕಂಡಿತು. ಆ ಮುಖಕ್ಕೆ ಆ ಮಾತನ್ನು ಹೇಗೆ ಒಪ್ಪಿಸುವುದು? "ಖಾಲಿಯಾಯ್ತಂತೆ ಅಕ್ಕ," ಅಂದಳು. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. "ಊಟ ಆಯ್ತಾ ಅಂತ ಕೇಳಿದ್ರು."

"ಲ್ಹಾಕಿ ಕೇಳಿದ್ಲಾ?"

"ಹೂಂ."

ಅಕ್ಕ ಆ ದಿನವೆಲ್ಲ ಗಿರಾಕಿಗಳ ಹತ್ತಿರ ನಗುನಗುತ್ತಾ ಚೌಕಾಸಿ ಮಾಡಿದಳು. ಮಾರನೇ ದಿನ ಹಬೆಯಲ್ಲಿ ಬೇಯಿಸಿದ ತಮ್ಮ ಕಡೆಯ ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿ ಆ ತುದಿಗೆ ಕಳಿಸಿದಳು. ಲ್ಹಾಕಿ ಮುಚ್ಚಳವನ್ನೂ ತೆಗೆಯಲಿಲ್ಲ. ದ್ರಾಕ್ಷಾಯಣಿ ಕಾಂಪೌಂಡಿನ ಹಿಂದೆ ನಿಂತು ನಾಲ್ಕೂ ರೊಟ್ಟಿ ತಿಂದು ಖಾಲಿ ಡಬ್ಬಿ ತಂದುಕೊಟ್ಟಳು. "ಚೆನ್ನಾಗಿತ್ತಂತೆ."

ಹೀಗೇ ಸಂಕ್ರಾಂತಿ ಕಳೆಯಿತು. ದಿನಕ್ಕೊಂದು ಮಾತು ಕಟ್ಟುವುದು ಅವಳಿಗೆ ಅಭ್ಯಾಸವಾಯಿತು. ಮನೆಯಲ್ಲಿ ಬಾಯಿಬಿಡದವಳು ಗಾಡಿಯ ಕಿಟಕಿ ಪಕ್ಕ ಕೂತು ನಾಳೆ ಲ್ಹಾಕಿ ಅಕ್ಕ ಏನು ಕೇಳಬಹುದೆಂದು ಯೋಚಿಸುವಳು. ಕೆಮ್ಮು ಹೇಗಿದೆ ಅಂತಲೋ, ಹಾಸ್ಟೆಲಿನಿಂದ ಮಗಳು ಕಾಗದ ಬರೆದಳಾ ಅಂತಲೋ.

ಒಂದು ಮಧ್ಯಾಹ್ನ ಯಾಂಗ್‌ಚೆನ್ ಅಕ್ಕ ಸ್ವೆಟರ್ ಗಂಟಿನ ಮೇಲೆ ಕೂತು ಹೇಳಿದಳು: "ದಾಕ್ಷಿ, ಶನಿವಾರದೊಳಗೆ ಕಾಗದ ಹೋಗ್ಬೇಕು. ಬತ್ತೀನಿ ಅಂತಲೋ ಬ್ಯಾಡ ಅಂತಲೋ. ಬ್ಯಾಡ ಅಂತ ಬರೀತೀನಿ."

"ಯಾಕಕ್ಕ?"

"ಲ್ಹಾಕಿ ಇಷ್ಟು ಕೇಳ್ತಾಳಲ್ಲ. ಅವಳೊಬ್ಬಳು ಸರಿಹೋದ್ರೆ ಕ್ಯಾಂಪಿನ ಬೀದಿಯೋರೂ ಸರಿಹೋಯ್ತಾರೆ. ಅಲ್ಲಿಗೆ ಹೋಗಿ ಯಾರ ಮುಖ ನೋಡ್ಲಿ?"

ದ್ರಾಕ್ಷಾಯಣಿಗೆ ಮೊದಲು ಆದದ್ದು ಖುಷಿ. ಬರುವ ಚಳಿಗಾಲಕ್ಕೂ ಅಕ್ಕ ಇಲ್ಲೇ ಇರುತ್ತಾಳೆ. ಅವಳು ಒಂದು ಸ್ವೆಟರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕ್ಯಾಂಪಿಗೆ ವಾಪಸ್ಸಾದ ದಿನ ಅಕ್ಕ ನಲ್ಲಿ ಹತ್ತಿರ ಕೊಡ ಇಟ್ಟು ಲ್ಹಾಕಿಯನ್ನು ಮಾತಾಡಿಸುತ್ತಾಳೆ. ಆಗ? ಚೀಟಿಯಲ್ಲಿ ಬಂದ ಅವಕಾಶವೂ ಹೋಗಿರುತ್ತದೆ, ಮಗಳ ದಾರಿಯೂ ಮುಚ್ಚಿರುತ್ತದೆ.

"ಅಕ್ಕ," ಅಂದಳು. ಸ್ವೆಟರನ್ನು ಕೆಳಗಿಟ್ಟಳು. "ಅವರು ಕೇಳಲಿಲ್ಲ. ಒಂದಿನಾನೂ ಕೇಳಲಿಲ್ಲ. ನಾನೇ ಹೇಳ್ತಿದ್ದೆ."

"ರೊಟ್ಟಿ?"

"ನಾನೇ ತಿಂದೆ."

ಅಕ್ಕ ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ನಾಲ್ಕು ಅಂಗಡಿ ದಾಟಿ ನಡೆದಳು. ಆ ತುದಿಯಲ್ಲಿ ಇಬ್ಬರ ದನಿಯೂ ಏರಿತು. ಗಂಡಸಿ ಊರಿನ ಬಸ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಅವರ ಭಾಷೆ, ದ್ರಾಕ್ಷಾಯಣಿಗೆ ಒಂದಕ್ಷರವೂ ತಿಳಿಯಲಿಲ್ಲ. ಇಷ್ಟು ದಿನ ಆ ಇಬ್ಬರ ನಡುವೆ ಇದ್ದವಳು ತಾನು, ಈಗ ದೂರದಿಂದ ಬಾಯಿ ಆಡುವುದನ್ನಷ್ಟೇ ನೋಡುತ್ತಿದ್ದಳು.

ಯಾಂಗ್‌ಚೆನ್ ಅಕ್ಕ ಕೆಂಪಾದ ಕಣ್ಣು ಹೊತ್ತು ಬಂದಳು.

"ಏನಂದ್ರು?"

"ಹೋಗು ಅನ್ನಲಿಲ್ಲ, ಬ್ಯಾಡಾನೂ ಅನ್ನಲಿಲ್ಲ. ಬೈದ್ಲು. ಮುಖ ನೋಡಿ ಬೈದ್ಲು, ಅಷ್ಟು ಸಾಕು." ಪೆಟ್ಟಿಗೆಯಿಂದ ಕಾಗದ ತೆಗೆದು, ಬತ್ತೀನಿ ಅಂತ ಬರೆದು ಸಹಿ ಹಾಕಿ, ಕವರಿಗೆ ಅಂಟು ಹಚ್ಚಿ ಅಂಗೈಯಲ್ಲಿ ಒತ್ತಿದಳು. ಅದನ್ನು ದ್ರಾಕ್ಷಾಯಣಿಯ ಕೈಗಿತ್ತಳು.

"ನೀನೇ ಪೋಸ್ಟ್ ಮಾಡಿ ಬಾ."

"ನಾನಾ ಅಕ್ಕ?"

"ನೀನೇ. ಇನ್ಯಾರಿಗೆ ಹೇಳ್ಲಿ?"

ದ್ರಾಕ್ಷಾಯಣಿ ಕವರನ್ನು ಸೆರಗಿನೊಳಗೆ ಹಿಡಿದು ಪೋಸ್ಟಾಫೀಸಿಗೆ ನಡೆದಳು. ಕೆಂಪು ಡಬ್ಬದ ಮುಂದೆ ನಿಂತಾಗ ಹಿಂದೆ ಮುಂದೆ ಯಾರೂ ಇರಲಿಲ್ಲ. ಇದನ್ನು ಹರಿದು ಚರಂಡಿಗೆಸೆದರೂ ಕೇಳುವವರಿಲ್ಲ. ಕವರನ್ನು ಒಳಗೆ ತೂರಿಸಿ, ಬೆರಳು ಬಿಡಲಾಗದೆ ತುಸು ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಬಿಟ್ಟಳು. ಬಿದ್ದ ಸದ್ದೇ ಕೇಳಲಿಲ್ಲ.